ಮಿಗ್-21 ನಿವೃತ್ತಿಯಾಯಿತು, ಅದರ ಅಳತೆ ಮಾದರಿ ಇಂದಿಗೂ ಪರದೇಶಿ

ಶಿವಮೊಗ್ಗ: ಆರು ದಶಕಗಳಿಗೂ ಹೆಚ್ಚು ಕಾಲ ಭಾರತದ ಆಗಸವನ್ನು ಕಾಯ್ದ ಮಿಗ್-21 ಯುದ್ಧ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ವಿಧ್ಯುಕ್ತ ವಿದಾಯ ಹೇಳಲಾಯಿತು. 1963ರಲ್ಲಿ ಅದು ವಾಯುಪಡೆಗೆ ಸೇರ್ಪಡೆಗೊಂಡದ್ದೂ ಅದೇ ಊರಿನಲ್ಲಿ. ವಿದಾಯದ ಹಿಂದಿನ ದಿನವಷ್ಟೇ ರಕ್ಷಣಾ ಸಚಿವಾಲಯವು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೊಂದಿಗೆ, ಅಂದರೆ ನಮಗೆಲ್ಲ ಪರಿಚಿತವಾದ ಎಚ್‌ಎಎಲ್‌ನೊಂದಿಗೆ, 97 ತೇಜಸ್ ಮಾರ್ಕ್-1ಎ ವಿಮಾನಗಳಿಗಾಗಿ 62,370 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿತ್ತು. ಹಳೆಯದು ಹೋಯಿತು, ಹೊಸದು ಬರುತ್ತಿದೆ ಎಂಬ ಸಂದೇಶ ಸ್ಪಷ್ಟವಾಗಿತ್ತು.

ಈ ಎರಡೂ ಸುದ್ದಿಗಳು ಮುಖಪುಟಗಳಲ್ಲಿ ರಾರಾಜಿಸಿದವು. ಇವುಗಳಿಗೆ ಸಂಬಂಧಿಸಿದ ಮತ್ತೊಂದು ಪ್ರಶ್ನೆ ಈ ವರದಿಗಾರನಿಗೆ ಎದುರಾದದ್ದು ಮಾತ್ರ ಸೋಗಾನೆಯಲ್ಲಿ. ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಈ ಗ್ರಾಮವನ್ನು ಜನ ಹಿಂದೆ ಕೇಂದ್ರ ಕಾರಾಗೃಹದಿಂದ ಗುರುತಿಸುತ್ತಿದ್ದರು. 2023ರ ಫೆಬ್ರುವರಿ 27ರಂದು ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಬಳಿಕ ವಿಮಾನದಿಂದ ಗುರುತಿಸುತ್ತಿದ್ದಾರೆ. ಪರಿಚಿತರೊಬ್ಬರ ಮನೆಯಲ್ಲಿ ಅವರ ಮಗ, ಪಾಲಿಟೆಕ್ನಿಕ್ ವಿದ್ಯಾರ್ಥಿ, ಮೇಜಿನ ಮೇಲೆ ಎರಡು ರಟ್ಟಿನ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದ. ಒಂದು ಜಪಾನ್ ಕಂಪನಿಯದು, ಹಳೆಯ ಅಚ್ಚು. ಇನ್ನೊಂದು ಜೆಕ್ ಗಣರಾಜ್ಯದ್ದು. ‘ಸರ್, ಎರಡರ ಮೇಲೂ ಮಿಗ್-21 ಅಂತಲೇ ಬರೆದಿದೆ. ಅಭಿನಂದನ್ ಹಾರಿಸಿದ್ದು ಇದರಲ್ಲಿ ಯಾವುದು?’ ಎಂದು ಕೇಳಿದ.

ಎರಡೂ ಅಲ್ಲ ಎಂಬುದೇ ಉತ್ತರ. ಏಕೆ ಅಲ್ಲ ಎಂಬುದನ್ನು ವಿವರಿಸಹೊರಟರೆ ಅದು ವಾಯುಪಡೆಯ ಇತಿಹಾಸ, ಆಟಿಕೆಗಳ ಮೇಲಿನ ಸುಂಕ ಹಾಗೂ ನಮ್ಮ ರಾಜ್ಯದ ಕೈಗಾರಿಕಾ ನೀತಿಯವರೆಗೆ ಸಾಗುತ್ತದೆ.

ಅಂಗೈಯಲ್ಲಿ ವಿಮಾನ

ಅಳತೆ ಮಾದರಿಯ ಕಿಟ್ ಎಂದರೆ ಮಕ್ಕಳು ಎಳೆದಾಡುವ ಆಟದ ವಿಮಾನವಲ್ಲ. ಪೆಟ್ಟಿಗೆ ತೆರೆದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಹತ್ತಾರು, ಕೆಲವೊಮ್ಮೆ ನೂರಾರು ಬಿಡಿಭಾಗಗಳು ಸಿಗುತ್ತವೆ. ಅವನ್ನು ಒಂದೊಂದಾಗಿ ಕತ್ತರಿಸಿ, ಉಜ್ಜುಕಾಗದದಿಂದ ನಯಗೊಳಿಸಿ, ಅಂಟಿಸಿ, ಬಣ್ಣ ಬಳಿದು, ಕೊನೆಗೆ ನೀರಿನಲ್ಲಿ ನೆನೆಸಿದ ತೆಳುವಾದ ಚಿತ್ರಗಳನ್ನು ಜಾರಿಸಿ ಕೂರಿಸಬೇಕು. ವಾರಗಟ್ಟಲೆ ಹಿಡಿಯುವ ಕೆಲಸ.

ಯುದ್ಧ ವಿಮಾನಗಳ ಕಿಟ್‌ಗಳಲ್ಲಿ ಮೂರು ಅಳತೆಗಳು ಪ್ರಚಲಿತ. ಮೂಲದ 72ನೇ ಒಂದು ಭಾಗ, 48ನೇ ಒಂದು ಭಾಗ ಮತ್ತು 32ನೇ ಒಂದು ಭಾಗ. ಮಿಗ್-21ರ ರೆಕ್ಕೆಗಳ ಅಗಲ 7.15 ಮೀಟರ್. 72ರ ಅಳತೆಯಲ್ಲಿ ಅದು ಹತ್ತು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ಅಂಗೈಯಲ್ಲಿ ಕೂರುತ್ತದೆ. 48ರಲ್ಲಿ ಸುಮಾರು 15 ಸೆಂಟಿಮೀಟರ್. 32ರಲ್ಲಿ 22 ಸೆಂಟಿಮೀಟರ್ ದಾಟಿ ಕಪಾಟಿನ ಒಂದು ಅರೆಯನ್ನೇ ಬೇಡುತ್ತದೆ. ಈ ಲೆಕ್ಕ ಮನಸ್ಸಿಗೆ ಹಿಡಿಯಬೇಕಾದರೆ ಹೀಗೆ ನೋಡಬಹುದು: ಸೋಗಾನೆಯ ರನ್‌ವೇ ಉದ್ದ ಸುಮಾರು 3.2 ಕಿಲೋಮೀಟರ್. ಅದನ್ನು 72ನೇ ಒಂದು ಭಾಗಕ್ಕೆ ಕುಗ್ಗಿಸಿದರೂ 44 ಮೀಟರ್ ಉಳಿಯುತ್ತದೆ. ಆ ರನ್‌ವೇ ಮೇಲೆ ನಿಲ್ಲುವ ಮಿಗ್ ಮಾತ್ರ ಅಂಗೈಯಷ್ಟು.

ಇಷ್ಟು ಕುಗ್ಗಿಸಿದಾಗ ಮೂಲದ ಏಳು ಸೆಂಟಿಮೀಟರ್ ತಪ್ಪು ಮಾದರಿಯಲ್ಲಿ ಒಂದು ಮಿಲಿಮೀಟರ್ ಮಾತ್ರ. ಆದರೆ ಮೂಗಿನ ಕೋನ, ಪೈಲಟ್ ಕೂರುವ ಗಾಜಿನ ಗೂಡು, ಬೆನ್ನಿನ ಉಬ್ಬು ಇವುಗಳಲ್ಲಿ ಆ ಒಂದು ಮಿಲಿಮೀಟರನ್ನೂ ಕಣ್ಣು ಪತ್ತೆ ಹಚ್ಚುತ್ತದೆ. ಕಿಟ್‌ಗಳನ್ನು ಹೋಲಿಸುವವರು ನೋಡುವುದು ಅದನ್ನೇ.

ಒಂದೇ ಹೆಸರಿನ ಹಲವು ವಿಮಾನಗಳು

ವಾಯುಪಡೆಯಲ್ಲಿ ಮಿಗ್-21 ಎಂಬ ಹೆಸರಿನಡಿ ಹಾರಿದ್ದು ಒಂದೇ ವಿಮಾನವಲ್ಲ. ಹವ್ಯಾಸಿಗಳು ದುಡ್ಡು ಕಳೆದುಕೊಳ್ಳುವುದು ಬಹುತೇಕ ಇಲ್ಲಿಯೇ. 1971ರ ಯುದ್ಧದಲ್ಲಿ ಭಾಗವಹಿಸಿದ್ದು ಎಫ್‌ಎಲ್ ಮಾದರಿ. ಆ ವರ್ಷದ ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ರಾಕೆಟ್ ಸುರಿಸಿದ್ದು ಮಿಗ್-21 ವಿಮಾನಗಳೇ. ಎಫ್‌ಎಲ್‌ನ ಒಡಲಲ್ಲಿ ತೋಪು ಇರಲಿಲ್ಲ; ಬೇಕೆನಿಸಿದಾಗ ಹೊಟ್ಟೆಯಡಿ ಜಿಪಿ-9 ಎಂಬ ತೋಪಿನ ಪೆಟ್ಟಿಗೆಯನ್ನು ತೂಗುಹಾಕುತ್ತಿದ್ದರು. ಅದರ ಗಾಜಿನ ಗೂಡು ಇಡಿಯಾಗಿ ಮುಂದಕ್ಕೆ ತೆರೆಯುತ್ತಿತ್ತು. ಆದ್ದರಿಂದ ಗಾಜು ಪಕ್ಕಕ್ಕೆ ತೆರೆಯುವ ಪಿಎಫ್‌ಎಂ ಮಾದರಿಯ ಪೆಟ್ಟಿಗೆ ತಂದು ಢಾಕಾ ದಾಳಿಯ ವಿಮಾನ ಕಟ್ಟುತ್ತೇನೆಂದರೆ ಆಗದು. ನಂತರ ಬಂದ ಎಂ ಮಾದರಿಯಲ್ಲಿ ತೋಪು ಒಡಲೊಳಗೆ ಸೇರಿತು. ಬಿಸ್ ಮಾದರಿಯಲ್ಲಿ ಬೆನ್ನು ದಪ್ಪವಾಯಿತು. ಕೊನೆಯದು ಬೈಸನ್. ಅದು ಬಿಸ್ ವಿಮಾನವನ್ನೇ ಹೊಸ ರಷ್ಯನ್ ರೇಡಾರ್ ಹಾಗೂ ಹೊಸ ಕ್ಷಿಪಣಿಗಳೊಂದಿಗೆ ನವೀಕರಿಸಿದ ರೂಪ. ಮುಂದಿನ ಗಾಜಿನಲ್ಲಿದ್ದ ಲೋಹದ ಪಟ್ಟಿಗಳು ಮಾಯವಾಗಿ ಒಂದೇ ಹಾಳೆಯ ಗಾಜು ಬಂತು. 2019ರ ಫೆಬ್ರುವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಹಾರಿಸಿದ್ದು ಈ ಬೈಸನ್. ನಾಲ್ಕು ವರ್ಷಗಳ ನಂತರ ಅದೇ ತಾರೀಖಿನಂದು ಸೋಗಾನೆ ನಿಲ್ದಾಣ ಉದ್ಘಾಟನೆಯಾದದ್ದು ಕಾಕತಾಳೀಯ.

ವಿದ್ಯಾರ್ಥಿಯ ಮೇಜಿನ ಮೇಲಿದ್ದ ಮೊದಲ ಪೆಟ್ಟಿಗೆ ಫುಜಿಮಿ ಕಂಪನಿಯದು. 72ರ ಅಳತೆಯ ಮಿಗ್-21ಗಳಲ್ಲಿ ಬಹುಕಾಲ ಇದಕ್ಕೇ ಮರ್ಯಾದೆ. ಭಾಗಗಳು ಸಲೀಸಾಗಿ ಕೂರುತ್ತವೆ, ಹೊಸಬರಿಗೆ ಹೇಳಿ ಮಾಡಿಸಿದ್ದು. ಆದರೆ ಇದು ಶೀತಲ ಸಮರದ ಕಾಲದ ಅಚ್ಚು. ಸೋವಿಯತ್ ವಿಮಾನದ ಹತ್ತಿರ ಹೋಗಿ ಪಟ್ಟಿ ಹಿಡಿದು ಅಳೆಯುವುದು ಆಗ ಸುಲಭದ ಮಾತಾಗಿರಲಿಲ್ಲ. ಕಾಕ್‌ಪಿಟ್ ಒಳಗಿನ ವಿವರಗಳಲ್ಲಿ ವಯಸ್ಸು ಕಾಣುತ್ತದೆ.

ಎರಡನೆಯದು ಎಡ್ವರ್ಡ್ ಕಂಪನಿಯದು. ಈ ಕಂಪನಿ 2011ರಲ್ಲಿ 48ರ ಅಳತೆಯಲ್ಲಿ ಮಿಗ್-21ಎಂಎಫ್ ಹೊರತಂದಾಗ ಹಳೆಯ ಕಿಟ್‌ಗಳೆಲ್ಲ ಹಿಂದೆ ಸರಿದವು. ಬಳಿಕ ಪಿಎಫ್, ಪಿಎಫ್‌ಎಂ, ಬಿಸ್ ಮಾದರಿಗಳು ಬಂದವು. 72ರ ಅಳತೆಯ ಎಂಎಫ್ ಕೂಡ ಬಂತು. ಹೊರಮೈಯ ಮೊಳೆಸಾಲುಗಳವರೆಗೆ ವಿವರ ಇಳಿದಿದೆ. ದೋಷವೆಂದರೆ ವಿವರ ಹೆಚ್ಚಿದಷ್ಟೂ ತಾಳ್ಮೆ ಹೆಚ್ಚು ಬೇಕು. ಅಕ್ಕಿಕಾಳಿಗಿಂತ ಚಿಕ್ಕ ಲೋಹದ ತುಣುಕುಗಳನ್ನು ಇಕ್ಕಳದಲ್ಲಿ ಹಿಡಿದು ಅಂಟಿಸಬೇಕಾಗುತ್ತದೆ. ಮೊದಲ ಕಿಟ್ ಕೊಳ್ಳುವ ಶಾಲಾ ಬಾಲಕನಿಗೆ ಇದನ್ನು ಕೊಡಿಸುವುದು ಅವನ ಉತ್ಸಾಹಕ್ಕೆ ತಣ್ಣೀರೆರಚಿದಂತೆ. ಚೀನಾದ ಟ್ರಂಪೆಟರ್ 32ರ ಅಳತೆಯಲ್ಲಿ ಎಂಎಫ್ ಮಾಡಿದೆ, ದೊಡ್ಡದು, ಎದ್ದು ಕಾಣುವಂಥದ್ದು. ಕೊರಿಯಾದ ಅಕಾಡೆಮಿ ಕಂಪನಿಯ 48ರ ಅಳತೆಯ ಕಿಟ್ ಆಕಾರದಲ್ಲಿ ಎಡ್ವರ್ಡ್‌ಗೆ ಸಾಟಿಯಲ್ಲ.

ವಿದ್ಯಾರ್ಥಿಯ ಬಳಿಯಿದ್ದ ಎರಡೂ ಎಂಎಫ್ ಮಾದರಿ. ಬೈಸನ್ ಆಗಬೇಕಾದರೆ ಬೆನ್ನು, ಗಾಜು, ಕ್ಷಿಪಣಿ ಎಲ್ಲವೂ ಬದಲಾಗಬೇಕು.

ಎರಡು ದೇಶ, ಒಂದೇ ವಿಮಾನ, ಎರಡು ಫಲಿತಾಂಶ

ಮಿಗ್-21ರ ಅತ್ಯುತ್ತಮ ಕಿಟ್ ರಷ್ಯಾದಿಂದಲೋ ಜಪಾನಿನಿಂದಲೋ ಬಾರದೆ ಜೆಕ್ ಗಣರಾಜ್ಯದಿಂದ ಏಕೆ ಬಂತು? ಇಲ್ಲಿ ಹೋಲಿಸಬೇಕಾದದ್ದು ಪೆಟ್ಟಿಗೆಗಳನ್ನಲ್ಲ, ದೇಶಗಳನ್ನು.

ಅಂದಿನ ಚೆಕೊಸ್ಲೊವಾಕಿಯಾ ನಮ್ಮಂತೆಯೇ ಪರವಾನಗಿ ಪಡೆದು ಮಿಗ್-21 ತಯಾರಿಸಿದ ದೇಶ. ಅಲ್ಲಿನ ಏರೋ ವೊದೊಖೊದಿ ಕಾರ್ಖಾನೆ 1962ರಿಂದ 1972ರವರೆಗೆ ಎಫ್-13 ಮಾದರಿಯ 194 ವಿಮಾನಗಳನ್ನು ನಿರ್ಮಿಸಿತು. ನಮ್ಮ ಎಚ್‌ಎಎಲ್ ನಾಸಿಕ್‌ನಲ್ಲಿ ನಿರ್ಮಿಸಿದ್ದು 650ಕ್ಕೂ ಹೆಚ್ಚು. ಅಂದರೆ ಅವರಿಗಿಂತ ಮೂರು ಪಟ್ಟು. ಶೀತಲ ಸಮರ ಮುಗಿದ ಮೇಲೆ ಅವರ ವಿಮಾನಗಳು ವಸ್ತುಸಂಗ್ರಹಾಲಯ ಸೇರಿದವು. ಹವ್ಯಾಸಿಗಳು ಅವುಗಳ ಬಳಿ ಸುಳಿದಾಡಬಹುದಿತ್ತು, ಅಳೆಯಬಹುದಿತ್ತು, ಫೋಟೊ ತೆಗೆಯಬಹುದಿತ್ತು. 1989ರಲ್ಲಿ ಆರಂಭವಾದ ಎಡ್ವರ್ಡ್ ಮೊದಲು ಮಾಡುತ್ತಿದ್ದುದು ಇತರರ ಕಿಟ್‌ಗಳಿಗೆ ಬೇಕಾದ ತೆಳು ಲೋಹದ ಬಿಡಿಭಾಗಗಳನ್ನು ಮಾತ್ರ. ಇಂದು ಅದರ ಪೆಟ್ಟಿಗೆಗಳು ಸೋಗಾನೆಯವರೆಗೆ ಬರುತ್ತಿವೆ. ಕಂಪನಿ ಇರುವುದು ಒಬರ್ನಿತ್ಸೆ ಎಂಬ ಪುಟ್ಟ ಊರಿನಲ್ಲಿ; ಕಲ್ಲಿದ್ದಲು ಗಣಿಗಳಿಗೆ ಹೆಸರಾದ ಮೋಸ್ತ್ ನಗರದ ಮಗ್ಗುಲಿಗೆ, ಶಿವಮೊಗ್ಗದ ಮಗ್ಗುಲಿಗೆ ಸೋಗಾನೆ ಇರುವಂತೆ.

ನಮ್ಮಲ್ಲಿ ನಿವೃತ್ತ ಮಿಗ್‌ಗಳು ಹಲವು ಊರುಗಳಲ್ಲಿ ಕಂಬದ ಮೇಲೇರಿವೆ. ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು, ಅಳೆಯಲಾಗದು.

ಇದು ಕೇವಲ ಹವ್ಯಾಸಿಗಳ ಗೋಳಲ್ಲ. 2012ರಲ್ಲಿ ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿ ರಾಜ್ಯಸಭೆಗೆ ನೀಡಿದ ಮಾಹಿತಿಯಂತೆ, ಮಿಗ್ ಸರಣಿಯ 872 ವಿಮಾನಗಳ ಪೈಕಿ 482 ಅಪಘಾತಕ್ಕೀಡಾಗಿದ್ದವು. 171 ಪೈಲಟ್‌ಗಳು ಹಾಗೂ 39 ನಾಗರಿಕರು ಪ್ರಾಣ ತೆತ್ತಿದ್ದರು. ಯುದ್ಧ ಗೆದ್ದದ್ದನ್ನೂ ಜೀವ ತೆಗೆದದ್ದನ್ನೂ ಒಟ್ಟಿಗೆ ಹೊತ್ತ ವಿಮಾನವಿದು. ಯಾವ ಮಾದರಿ ಯಾವ ಯುದ್ಧದಲ್ಲಿ ಹಾರಿತು, ಏಕೆ ಬದಲಾಯಿತು ಎಂಬುದನ್ನು ಕೈಯಾರೆ ಜೋಡಿಸಿ ಕಲಿಯುವ ಹುಡುಗನಿಗೆ ಪಾಠ ಹೇಳಬೇಕಾದದ್ದು ನಮ್ಮ ದೇಶದ ಪೆಟ್ಟಿಗೆ. ಹೇಳುತ್ತಿರುವುದು ಬೇರೆಯವರದು.

ಬೆಂಗಳೂರಿನ ಕೂಸು, ಬೇರೆಯವರ ಅಚ್ಚು

ಮಿಗ್ ನಾಸಿಕ್‌ನದಾಯಿತು, ಕರ್ನಾಟಕಕ್ಕೇನು ಸಂಬಂಧ ಎನ್ನುವವರು ನ್ಯಾಟ್ ವಿಮಾನವನ್ನು ನೆನಪಿಸಿಕೊಳ್ಳಬೇಕು. ಬ್ರಿಟನ್ನಿನ ಫೋಲಂಡ್ ಕಂಪನಿಯ ಈ ಕಿರು ಯುದ್ಧ ವಿಮಾನ ಮೊದಲು ಪೂರ್ಣ ರೂಪದಲ್ಲಿ, ನಂತರ ಬಿಡಿಭಾಗಗಳಾಗಿ ಬಂದು, ಕೊನೆಗೆ ಬೆಂಗಳೂರಿನಲ್ಲೇ ತಯಾರಾಯಿತು. ನಿಜವಾದ ವಿಮಾನವೂ ಒಂದು ಹಂತದಲ್ಲಿ ಕಿಟ್ ಆಗಿಯೇ ಬಂದಿತ್ತು ಎನ್ನಬಹುದು. 1965ರಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕೆಡವಿ ಖ್ಯಾತಿ ಪಡೆದದ್ದು ಇದು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡಿ ಹುತಾತ್ಮರಾದ, ಪರಮವೀರ ಚಕ್ರ ಪಡೆದ ವಾಯುಪಡೆಯ ಏಕೈಕ ಯೋಧ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಹಾರಿಸಿದ್ದೂ ಇದನ್ನೇ. ಅದೇ ವಿನ್ಯಾಸವನ್ನು ಎಚ್‌ಎಎಲ್ ಸುಧಾರಿಸಿ ಅಜೀತ್ ಎಂದು ಹೆಸರಿಟ್ಟಿತು. ಅಜೀತ್‌ನ ಮೂಲಮಾದರಿ ಹಾರಿದ್ದು 1975ರ ಮಾರ್ಚ್ 5ರಂದು. ರೆಕ್ಕೆಯೊಳಗೇ ಇಂಧನ ತುಂಬುವ ವ್ಯವಸ್ಥೆ ಅದರ ವಿಶೇಷ. 1991ರವರೆಗೆ ಅದು ಸೇವೆಯಲ್ಲಿತ್ತು.

ನ್ಯಾಟ್ ಕಿಟ್ ಬೇಕೆಂದರೆ ಮೊದಲು ಕೈಗೆ ಸಿಗುವುದು ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯದು. ಬೆಲೆ ಕೈಗೆಟಕುವಂಥದ್ದು, ಅಚ್ಚು ಚೆನ್ನ. ಆದರೆ ಅದು ಬ್ರಿಟನ್ನಿನ ರೆಡ್ ಆರೋಸ್ ತಂಡ ಹಾರಿಸುತ್ತಿದ್ದ ಇಬ್ಬರು ಕೂರುವ ತರಬೇತಿ ವಿಮಾನ. ನಮ್ಮದು ಒಬ್ಬರೇ ಕೂರುವ ಯುದ್ಧ ವಿಮಾನ. ರೆಕ್ಕೆಯಲ್ಲೂ ಸುಮಾರು 60 ಸೆಂಟಿಮೀಟರ್ ವ್ಯತ್ಯಾಸವಿದೆ. 72ರ ಅಳತೆಯಲ್ಲಿ ಅದು ಎಂಟು ಮಿಲಿಮೀಟರ್. ಕೆಂಪು ಪೆಟ್ಟಿಗೆಯ ಅಂದ ನೋಡಿ ಕೊಂಡವರು ಎಷ್ಟು ಬಣ್ಣ ಬದಲಿಸಿದರೂ ಅದು ಸೆಖೋಂ ಅವರ ನ್ಯಾಟ್ ಆಗುವುದಿಲ್ಲ. ಒಂಟಿ ಆಸನದ ನ್ಯಾಟ್ ಹಾಗೂ ಭಾರತೀಯ ಗುರುತುಗಳುಳ್ಳ ಅಜೀತ್ ಎರಡನ್ನೂ 72ರ ಅಳತೆಯಲ್ಲಿ ಹೊರತಂದದ್ದು ಸ್ಪೆಷಲ್ ಹಾಬಿ. ಅದೂ ಜೆಕ್ ಕಂಪನಿಯೇ! ಎಂಬತ್ತರಷ್ಟು ಮಾತ್ರ ತಯಾರಾದ, ಬೇರಾವ ದೇಶದ ವಾಯುಪಡೆಯೂ ಹಾರಿಸದ ಬೆಂಗಳೂರಿನ ವಿಮಾನಕ್ಕೂ ಗಿರಾಕಿಗಳಿದ್ದಾರೆ ಎಂದು ಅವರಿಗೆ ಗೊತ್ತಾಗಿದೆ. ಇಲ್ಲಿ ಯಾರೂ ಲೆಕ್ಕ ಹಾಕಿದಂತಿಲ್ಲ.

ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಮಾರುತ್ ಕಥೆ ಇನ್ನೂ ಬೇಸರದ್ದು. ಒಟ್ಟು 147 ಮಾರುತ್‌ಗಳು ತಯಾರಾದವು. ಏರ್‌ಫಿಕ್ಸ್, ತಮಿಯಾ, ಹಸೆಗಾವಾ, ರೆವೆಲ್ ಮೊದಲಾದ ದೊಡ್ಡ ಹೆಸರುಗಳ ಪಟ್ಟಿಯಲ್ಲಿ ಮಾರುತ್ ಕಾಣಸಿಗದು, ತೇಜಸ್ ಕೂಡ.

ಸುಂಕದ ಲೆಕ್ಕ

ಪರದೇಶಿ ಪೆಟ್ಟಿಗೆ ಕೊಳ್ಳೋಣವೆಂದರೆ ಅದೂ ಸುಲಭವಲ್ಲ. ಸೀಮಾ ಸುಂಕದ ಪಟ್ಟಿಯಲ್ಲಿ 9503ನೇ ಶೀರ್ಷಿಕೆ ಆಟಿಕೆಗಳದ್ದು. ಮೂರು ಗಾಲಿಯ ಸೈಕಲ್, ಗೊಂಬೆ, ಒಗಟು ಇವುಗಳ ಜೊತೆಗೇ ಅಳತೆ ಮಾದರಿಗಳೂ ಅಲ್ಲಿ ಸೇರಿವೆ. 2020ರ ಬಜೆಟ್‌ನಲ್ಲಿ ಆಟಿಕೆಗಳ ಮೇಲಿನ ಮೂಲ ಸುಂಕವನ್ನು ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಸಾವಿರ ರೂಪಾಯಿ ಮೌಲ್ಯದ ಕಿಟ್ ಬಂದರಿಗೆ ಬಂದಾಗ ಈ ಸುಂಕವೊಂದೇ 700 ರೂಪಾಯಿ. ಸಾಗಣೆ, ಜಿಎಸ್‌ಟಿ, ಅಂಗಡಿಯವರ ಲಾಭ ಆಮೇಲಿನ ಮಾತು. 2025ರ ಸೆಪ್ಟೆಂಬರ್ 22ರಿಂದ ವಿದ್ಯುನ್ಮಾನವಲ್ಲದ ಆಟಿಕೆಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ತುಸು ನಿರಾಳ.

ಸುಂಕ ಏರಿಸಿದ್ದೇ ತಪ್ಪು ಎಂದು ಹೇಳುವಂತಿಲ್ಲ. ಅಗ್ಗದ, ಕಳಪೆ ಆಟಿಕೆಗಳ ಹೊಳೆಯೇ ಹರಿದು ಬರುತ್ತಿತ್ತು; ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅದನ್ನು ಕಂಡವರಿಗೆ ಹೇಳಬೇಕಿಲ್ಲ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಯಿತು. ಕೇಂದ್ರ ಸರ್ಕಾರದ ಅಂಕಿಅಂಶದಂತೆ 2014-15ರಿಂದ 2022-23ರ ನಡುವೆ ಆಟಿಕೆಗಳ ಆಮದು ಶೇ 52ರಷ್ಟು ಇಳಿಯಿತು, ರಫ್ತು ಶೇ 239ರಷ್ಟು ಏರಿತು. ಗೊಂಬೆ, ಬಂಡಿಗಳ ಮಟ್ಟಿಗೆ ನೀತಿ ಕೆಲಸ ಮಾಡಿದೆ. ಅಳತೆ ಮಾದರಿಗಳ ಮಟ್ಟಿಗೆ ಮಾತ್ರ ರಕ್ಷಿಸಬೇಕಾದ ದೇಶೀಯ ಉದ್ಯಮವೇ ಕಣ್ಣಿಗೆ ಬೀಳದಿರುವಾಗ ಬೇಲಿ ಯಾವ ಹೊಲಕ್ಕೆ ಎಂಬ ಪ್ರಶ್ನೆ ಏಳುತ್ತದೆ.

ಕೊಪ್ಪಳ ಮತ್ತು ಬೆಳಗಾವಿ

ವಿಪರ್ಯಾಸವೆಂದರೆ ಈ ಉದ್ಯಮಕ್ಕೆ ಬೇಕಾದುದೆಲ್ಲ ಕರ್ನಾಟಕದಲ್ಲೇ ಇದೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ, ನಮ್ಮ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ನೆರವೇರಿಸಿದರು. ಅದೇ ಕಂಪನಿ ಬೆಳಗಾವಿಯಲ್ಲಿ ನಿಜವಾದ ವಿಮಾನಗಳ ಬಿಡಿಭಾಗಗಳನ್ನು ತಯಾರಿಸುತ್ತದೆ, ಏರ್‌ಬಸ್‌ಗೆ ಕೂಡ. ವಿಮಾನದ ಅಳತೆ ಬಲ್ಲವರು ಒಂದು ಕಡೆ, ಆಟಿಕೆಯ ಅಚ್ಚು ಬಲ್ಲವರು ಇನ್ನೊಂದು ಕಡೆ, ಒಂದೇ ಸೂರಿನಡಿ! ಅಳತೆಗೆ ಬೇಕಾದ ವಿಮಾನಗಳೂ ದೂರವಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಮಾರುತ್ ನಿಂತಿದೆ. ಎಚ್‌ಎಎಲ್‌ನ ಪರಂಪರಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಿಮಾನಗಳ ಸಾಲೇ ಇದೆ.

ರಕ್ಷಣಾ ರಹಸ್ಯದ ಮಾತೇನು ಎಂದು ಕೆಲವರು ಕೇಳಬಹುದು. ಇದಕ್ಕೆ 1986ರ ಒಂದು ಪ್ರಸಂಗ ಉತ್ತರವಾದೀತು. ಅಮೆರಿಕದ ಟೆಸ್ಟರ್ಸ್ ಕಂಪನಿ ಆ ವರ್ಷ ಎಫ್-19 ಎಂಬ ‘ಗುಪ್ತ’ ವಿಮಾನದ ಕಿಟ್ ಮಾರುಕಟ್ಟೆಗೆ ಬಿಟ್ಟಿತು. ರಹಸ್ಯ ಸೋರಿತೆಂದು ಅಲ್ಲಿನ ಕಾಂಗ್ರೆಸ್‌ನಲ್ಲೂ ಗದ್ದಲವಾಯಿತು. ಎರಡು ವರ್ಷಗಳ ನಂತರ ನಿಜವಾದ ಎಫ್-117 ಬೆಳಕಿಗೆ ಬಂದಾಗ ಅದಕ್ಕೂ ಕಿಟ್‌ಗೂ ಹೋಲಿಕೆಯೇ ಇರಲಿಲ್ಲ. ಕಂಪನಿ ಊಹೆಯ ವಿಮಾನವನ್ನು ಮಾರಿತ್ತು. ಮೇಲಾಗಿ ಯಲಹಂಕದ ಏರೋ ಇಂಡಿಯಾದಲ್ಲಿ 2025ರಲ್ಲಿ ಇನ್ನೂ ಹಾರದ ಎಎಂಸಿಎ ವಿಮಾನದ ಪೂರ್ಣ ಗಾತ್ರದ ಮಾದರಿಯನ್ನೇ ಜನರೆದುರು ನಿಲ್ಲಿಸಲಾಗಿತ್ತು. ಬರಲಿರುವ ವಿಮಾನದ ಆಕಾರ ತೋರಿಸಲು ಅಡ್ಡಿಯಿಲ್ಲವೆಂದ ಮೇಲೆ 1991ರಲ್ಲಿ ನಿವೃತ್ತವಾದ ಅಜೀತ್‌ನ ಆಕಾರದಲ್ಲಿ ಬಚ್ಚಿಡುವುದೇನಿದೆ?

ಈ ವರದಿಗಾರನ ಅಭಿಪ್ರಾಯದಲ್ಲಿ ತೇಜಸ್‌ನಿಂದ ಆರಂಭಿಸುವುದು ಬೇಡ. ಅದು ಇನ್ನೂ ಬದಲಾಗುತ್ತಿರುವ ವಿಮಾನ. ಅದರ ಅಮೆರಿಕನ್ ಎಂಜಿನ್ ಸರಬರಾಜೇ ತಡವಾಗಿ, 2021ರಲ್ಲಿ ಕೇಳಿದ 99ರ ಪೈಕಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಮಾರುತ್ ಮತ್ತು ಅಜೀತ್ ಎರಡೂ ಬೆಂಗಳೂರಿನವು, ಎರಡೂ ಇತಿಹಾಸ ಸೇರಿದವು, ಎರಡಕ್ಕೂ ಆರ್ಫಿಯಸ್ ವಂಶದ ಎಂಜಿನ್. ಎಚ್‌ಎಎಲ್ ತನ್ನ ಹಳೆಯ ನಕ್ಷೆಗಳನ್ನು ಕೊಡಲಿ, ವಸ್ತುಸಂಗ್ರಹಾಲಯಗಳು ಅಳೆಯಲು ಬಿಡಲಿ. ಸರ್ಕಾರ ಹಣ ಕೊಡಬೇಕಾಗಿಲ್ಲ, ಅನುಮತಿ ಕೊಟ್ಟರೆ ಸಾಕು. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಭಾಗವೇ ಆಗಿರುವುದರಿಂದ ಮೊದಲ ಗಿರಾಕಿಗಳೂ ಸಿದ್ಧರಿದ್ದಾರೆ.

ಪ್ಲಾಸ್ಟಿಕ್ ಕಿಟ್‌ನಲ್ಲಿ ದುಬಾರಿಯಾದದ್ದು ಪ್ಲಾಸ್ಟಿಕ್ ಅಲ್ಲ, ಅಚ್ಚು. ಲಕ್ಷಾಂತರ ಬಾರಿ ಒತ್ತಿದರೂ ಸವೆಯದ ಗಟ್ಟಿ ಉಕ್ಕನ್ನು ಕೊರೆದು ಅದನ್ನು ಮಾಡುತ್ತಾರೆ. ಸೋಗಾನೆಯಿಂದ ಹತ್ತಿರದಲ್ಲೇ ಇರುವ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾಗಿತ್ತು. ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಅದೇ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದರು. ಕಿಟ್ ಉದ್ಯಮವೊಂದು ಆ ಕಾರ್ಖಾನೆಯನ್ನು ಉಳಿಸುತ್ತದೆಂದು ಹೇಳಿದರೆ ನಗೆಪಾಟಲಾದೀತು. ಬೇಕಾಗುವ ಉಕ್ಕು ಕೆಲವು ಟನ್ ಇದ್ದೀತು, ಅಷ್ಟೆ. ಆದರೂ ಉಕ್ಕು, ಅಚ್ಚು, ವಿಮಾನ ಮೂರನ್ನೂ ಮಾಡಬಲ್ಲ ರಾಜ್ಯದ ಹುಡುಗ ಒಬರ್ನಿತ್ಸೆಯ ಪೆಟ್ಟಿಗೆಗೆ ಶೇ 70 ಸುಂಕ ತೆರುತ್ತಿದ್ದಾನೆ ಎಂಬುದು ನಿಜ.

ಸೋಗಾನೆಯ ವಿದ್ಯಾರ್ಥಿಗೆ ಕಳೆದ ವಾರ ಮತ್ತೆ ಫೋನ್ ಮಾಡಿದಾಗ, ಎಡ್ವರ್ಡ್ ಪೆಟ್ಟಿಗೆಯನ್ನು ಹಾಗೇ ಇಟ್ಟು ಫುಜಿಮಿಯ ಮೇಲೆ ಪ್ರಯೋಗಕ್ಕಿಳಿದಿರುವುದಾಗಿ ತಿಳಿಸಿದ. ಬೆನ್ನಿನ ಉಬ್ಬನ್ನು ಪುಟ್ಟಿ ಮೆತ್ತಿ ದಪ್ಪ ಮಾಡಿದ್ದಾನೆ. ಬೈಸನ್‌ನ ಒಂದೇ ಹಾಳೆಯ ಗಾಜಿಗಾಗಿ ಸಿಹಿತಿಂಡಿ ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು, ಮರದ ಅಚ್ಚಿನ ಮೇಲೆ ಎಳೆದು ನೋಡುತ್ತಿದ್ದಾನಂತೆ. ಎರಡು ಬಾರಿ ಸುಕ್ಕುಗಟ್ಟಿತು, ಮೂರನೆಯದು ಪರವಾಗಿಲ್ಲ ಎಂದ.